ನಮ್ಮವರ ಕೈರುಚಿ

ನಮ್ಮ ಕೋಲಾರದ ಕಡೆ ಜಾತಿ ಕೇಳುವುದಕ್ಕೆ ಒಂದು ಸಭ್ಯವಾದ ದಾರಿಯಿದೆ. ನಿಮ್ಮದು ಯಾವ ಜಾತಿ ಎಂದು ಯಾರೂ ನೇರವಾಗಿ ಕೇಳುವುದಿಲ್ಲ, ಅಷ್ಟು ಒರಟರಲ್ಲ ನಮ್ಮ ಜನ. ಬಾಡಿಗೆ ಮನೆ ನೋಡಲು ಹೋದಾಗ, ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ, ಮುಳಬಾಗಿಲಿನ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದಾಗ, ಮೆಲ್ಲಗೆ ತೆಲುಗಿನಲ್ಲಿ "ಮನೋಳ್ಳೇನಾ?" ಅನ್ನುತ್ತಾರೆ. ನಮ್ಮವರೇನಾ ಎಂದರ್ಥ. ಹೌದೆಂದರೆ ಊರು, ಕೇರಿ, ಬೀಗರು ಎಲ್ಲ ವಿಚಾರಿಸುತ್ತಾರೆ. ಅಲ್ಲವೆಂದರೆ ಒಂದು ನಗು ನಕ್ಕು ಕಿಟಕಿಯ ಕಡೆ ತಿರುಗುತ್ತಾರೆ. ನನ್ನನ್ನು ಹಾಗೆ ಕೇಳಿದವರು ಕಡಿಮೆ. ಕುಂಕುಮವಿಲ್ಲದ ಹಣೆ, ತಲೆಯ ಮೇಲಿನ ಸೆರಗು ನೋಡಿದರೆ ಕೇಳುವ ತೊಂದರೆಯೇ ಇರುವುದಿಲ್ಲ.

ನಾನು ಹುಟ್ಟಿದ್ದು ರಾಯಲ್ಪಾಡಿನಲ್ಲಿ. ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ತೆಲುಗು, ಸ್ಕೂಲಿಗೆ ಹೋದರೆ ಕನ್ನಡ. ಮೂರರಲ್ಲಿ ನನಗೆ ಅನ್ನ ಹಾಕಿದ್ದು ಕನ್ನಡ. ದೇವರಾಯಸಮುದ್ರದ ಹತ್ತಿರದ ಹೈಸ್ಕೂಲಿನಲ್ಲಿ ಸೇರಿ, ಕೋಲಾರದಲ್ಲಿ ನಿವೃತ್ತಳಾಗುವವರೆಗೆ ಮಕ್ಕಳಿಗೆ ಸಂಧಿ, ಸಮಾಸ, ವಿಭಕ್ತಿ ಹೇಳಿಕೊಟ್ಟೆ. ಸಾಬರ ಹೆಂಗಸು ಕನ್ನಡ ಟೀಚರಾ ಎಂದು ಹುಬ್ಬೇರಿಸಿದ ಇನ್‌ಸ್ಪೆಕ್ಟರುಗಳಿಗೆ ನನ್ನ ಮಕ್ಕಳ ಕೈಯಿಂದಲೇ ಉತ್ತರ ಹೇಳಿಸಿದ್ದೇನೆ. ಆಗ ನನಗೆ ಬೇಜಾರಾಗುತ್ತಿರಲಿಲ್ಲ, ಮಜಾ ಅನಿಸುತ್ತಿತ್ತು.

ನಾವು ಕೋಲಾರದ ಹೊರಗಿನ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡು ಬಂದಾಗ ಎದುರು ಮನೆಗೆ ಒಬ್ಬಳು ಬಂದಳು. ನನಗಿಂತ ಚಿಕ್ಕವಳು, ಶ್ರೀನಿವಾಸಪುರದ ಹತ್ತಿರದ ಹಳ್ಳಿಯವಳು. ಮೊದಲ ದಿನ ಹಾಲು ಉಕ್ಕಿಸಲು ಒಲೆ ಹತ್ತದೆ ನಮ್ಮ ಮನೆಗೆ ಬೆಂಕಿಪೊಟ್ಟಣ ಕೇಳಿಕೊಂಡು ಬಂದವಳು, ನನ್ನ ತೆಲುಗು ಕೇಳಿ "ಅಯ್ಯೋ ಅಕ್ಕಾ, ನೀವು ನಮ್ಮೂರ ಕಡೇವ್ರು!" ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳ ಹಾಲು ಅವತ್ತು ಉಕ್ಕಿದ್ದು ನಮ್ಮ ಸ್ಟೌವಿನ ಮೇಲೆ. ಅಂದಿನಿಂದ ನಾನು ಅವಳಿಗೆ ಅಕ್ಕ. ನನ್ನ ಸ್ವಂತ ತಂಗಿಯರ ಮುಂದೆ ಹೇಳದ ಮಾತು ಅವಳ ಮುಂದೆ ಹೇಳಿದ್ದೇನೆ, ನಮ್ಮ ಯಜಮಾನರ ಮುಂದಂತೂ ಬಿಡಿ.

ಉಪ್ಪಿನಕಾಯಿ ಶುರುವಾದದ್ದು ನಮ್ಮ ತಮ್ಮನಿಂದ. ಅವನು ರಾಯಲ್ಪಾಡಿನ ಸುತ್ತ ಮಾವಿನ ತೋಪುಗಳನ್ನು ಗುತ್ತಿಗೆ ಹಿಡಿಯುವವನು. ಒಂದು ವರ್ಷ ಗಾಳಿಗೆ ಉದುರುವ ಮೊದಲೇ ಕೀಳಿಸಿದ ನಾಟಿ ಹುಳಿಗಾಯಿ ಒಂದಷ್ಟನ್ನು ಟೆಂಪೋದಲ್ಲಿ ನಮ್ಮ ಮನೆಗೆ ಕಳಿಸಿದ. ಇಬ್ಬರೇ ಇರುವ ಮನೆಗೆ ಅಷ್ಟು ಕಾಯಿ ಏನು ಮಾಡುವುದು? ಎದುರು ಮನೆಯವಳನ್ನು ಕೂಗಿದೆ. ಅವಳು ಸಾಲು ಮನೆಯವರನ್ನೆಲ್ಲ ಕೂಗಿದಳು. ನಮ್ಮ ಪೋರ್ಟಿಕೋದಲ್ಲಿ ಚಾಪೆ ಹಾಸಿ ಆವಕಾಯಿ ಹಾಕಿದೆವು.

ಆವಕಾಯಿಯ ಹೋಳುಗಳಿಗೆ ಗೊರಟಿನ ಚಿಪ್ಪು ಅಂಟಿಕೊಂಡೇ ಇರಬೇಕು, ಇಲ್ಲದಿದ್ದರೆ ಮಳೆಗಾಲಕ್ಕೆ ಹೋಳು ಮೆತ್ತಗಾಗಿ ಗೊಜ್ಜಾಗುತ್ತದೆ. ಗೊರಟಿನ ಸಮೇತ ಒಂದೇ ಏಟಿಗೆ ಕತ್ತರಿಸುವ, ಮರದ ಹಲಗೆಗೆ ಕೂಡಿಸಿದ ದೊಡ್ಡ ಕತ್ತಿ ನಮ್ಮ ಅಮ್ಮನದು ನನ್ನ ಹತ್ತಿರವಿತ್ತು. ಕತ್ತರಿಸುವ ಕೆಲಸ ನನ್ನದು. "ಟೀಚರ್ ಕೈ ನೋಡ್ರೇ, ಸ್ಕೂಲಲ್ಲಿ ಹುಡುಗ್ರಿಗೆ ಬಿದ್ದ ಏಟು ಹೆಂಗಿದ್ದಿರಬೇಕು" ಎಂದು ನಗುತ್ತಿದ್ದರು. ಒಬ್ಬಳು ಹೋಳು ಒರೆಸುವುದು, ಒಬ್ಬಳು ಸಾಸಿವೆ ಪುಡಿ ಜರಡಿ ಹಿಡಿಯುವುದು, ಇನ್ನೊಬ್ಬಳು ಎಳ್ಳೆಣ್ಣೆ ಸುರಿಯುವುದು. ಕಲಸುವವಳು ಎದುರು ಮನೆಯವಳು. ಜಾಡಿಗೆ ತುಂಬಿದ ಮೇಲೆ ಬೇಸಿನ್ನಿನ ತಳದಲ್ಲಿ ಅಂಟಿದ ಖಾರಕ್ಕೆ ಬಿಸಿ ಅನ್ನ ಸುರಿದು ಕಲಸಿ, ಉಂಡೆ ಮಾಡಿ, ಸುತ್ತ ಕೂತವರಿಗೆಲ್ಲ ಬಾಯಿಗೇ ಇಡುತ್ತಿದ್ದಳು. ಅದು ಅವಳ ತಾಯಿಯ ಮನೆಯ ಪದ್ಧತಿ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು, ಇನ್ನೊಂದು ಇನ್ನೊಂದು ಎಂದು ಬಾಯಿ ತೆರೆಯುತ್ತಿದ್ದೆವು. ಹೊಟ್ಟೆ ಉರಿಗೆ ಸಂಜೆ ಎಲ್ಲರೂ ಮಜ್ಜಿಗೆ ಕುಡಿದು ಮಲಗುವುದು. ಆ ತುತ್ತಿಗೋಸ್ಕರ ನಾನು ವರ್ಷವಿಡೀ ಕಾಯುತ್ತಿದ್ದೆ. ಇದನ್ನು ಹೇಳಿಕೊಳ್ಳುವುದರಲ್ಲಿ ನನಗೇನೂ ನಾಚಿಕೆಯಿಲ್ಲ.

ಹೀಗೆ ವರ್ಷಗಳು ನಡೆದವು. ಹೆಸರಿಲ್ಲ, ಬೋರ್ಡಿಲ್ಲ. ತಮ್ಮ ಕಾಯಿ ಕಳಿಸುತ್ತಾನೆ, ಫೋನಿನಲ್ಲಿ ಒಂದು ವಾಟ್ಸಾಪ್ ಗ್ರೂಪು ಇದೆ, ಅದರಲ್ಲಿ "ನಾಳೆ ಟೀಚರ್ ಮನೇಲಿ" ಎಂದು ಬರುತ್ತದೆ, ಅಷ್ಟೇ. ಆಮೇಲೆ ಮಾಲೂರಿನಲ್ಲಿ ಕೆಲಸ ಮುಗಿಸಿ ನಿವೃತ್ತರಾದ ಅಧಿಕಾರಿಯೊಬ್ಬರು ನಮ್ಮ ಬಡಾವಣೆಗೆ ಮನೆ ಕಟ್ಟಿಕೊಂಡು ಬಂದರು. ಅವರ ಹೆಂಡತಿ ಬಹಳ ನಯದ ಹೆಂಗಸು. ಮಾತಿಗೆ ಮುಂಚೆ ಕೈ ಮುಗಿಯುವವರು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಟ್ಟವಳು ನಾನು, ನನಗೇ ನೆನಪಾಗಲಿಲ್ಲ. ಅವರು ಒಂದು ವರ್ಷ ನಮ್ಮ ಜೊತೆ ಕೂತು ಸಾಸಿವೆ ಜರಡಿ ಹಿಡಿದರು. ಮರು ವರ್ಷ, "ಇಷ್ಟು ಚೆನ್ನಾಗಿ ಮಾಡ್ತೀವಿ, ಒಂದು ಸಂಘ ಅಂತ ಮಾಡ್ಕೊಂಡು ನಾಲ್ಕು ಜನಕ್ಕೆ ಮಾರೋಣ" ಎಂದರು. ಎಲ್ಲರಿಗೂ ಇಷ್ಟವಾಯಿತು. ಅವರೇ ಅಧ್ಯಕ್ಷರಾದರು.

ಸೀಸೆಯ ಮೇಲೆ ಅಂಟಿಸಲು ಒಂದು ಹೆಸರು ಬೇಕಾಯಿತು. "ಕನ್ನಡ ಟೀಚರ್ ಇರೋವಾಗ ಬೇರೆಯವ್ರನ್ನ ಯಾಕೆ ಕೇಳೋದು?" ಎಂದು ನನ್ನ ಕಡೆ ತಿರುಗಿದರು. ನಾನು ಹೆಚ್ಚು ಯೋಚಿಸಲಿಲ್ಲ. ಪೋರ್ಟಿಕೋದಲ್ಲಿ ಕೂತ ಅಷ್ಟೂ ಹೆಂಗಸರ ಎಣ್ಣೆ ಕೈಗಳು ಕಣ್ಣ ಮುಂದೆ ಇದ್ದವು. "ನಮ್ಮವರ ಕೈರುಚಿ" ಅಂದೆ. ಚಪ್ಪಾಳೆ ತಟ್ಟಿದರು. ಮಾವಿನಕಾಯಿ ಚಿತ್ರದ ಕೆಳಗೆ ಕೆಂಪಕ್ಷರದಲ್ಲಿ ಆ ಎರಡು ಪದ ಅಚ್ಚಾಗಿ ಬಂದಾಗ, ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಒಂದು ಬಹುಮಾನ ಬಂತು ಅನ್ನುವಷ್ಟು ಖುಷಿಪಟ್ಟೆ. ಒಂದು ಸೀಸೆಯನ್ನು ಹಾಲಿನ ಷೋಕೇಸಿನಲ್ಲಿ ಇಟ್ಟುಕೊಂಡಿದ್ದೆ. ಯಜಮಾನರು, "ತಿನ್ನೋದನ್ನ ಯಾರಾದ್ರೂ ಷೋಕೇಸಲ್ಲಿ ಇಡ್ತಾರಾ?" ಎಂದು ಹಾಸ್ಯ ಮಾಡಿದರು.

ಊರಲ್ಲಿ ಹೆಂಗಸರ ಸಂಘಗಳ ಒಂದು ಮಾರಾಟ ಮೇಳ ನಡೆಯಿತು. ನಮಗೂ ಒಂದು ಮೇಜು ಸಿಕ್ಕಿತು. ಅಧ್ಯಕ್ಷರು, ಎದುರು ಮನೆಯವಳು, ನಾನು ಮೂವರು ನಿಂತಿದ್ದೆವು. ವ್ಯಾಪಾರ ಜೋರಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ವಯಸ್ಸಾದ ಹೆಂಗಸೊಬ್ಬರು ಬಂದು ಸೀಸೆ ಎತ್ತಿ, ಅಕ್ಷರ ಓದಿ, ಮುಖ ಅರಳಿಸಿಕೊಂಡು ಎದುರು ಮನೆಯವಳನ್ನು ಕೇಳಿದರು: "ಮನೋಳ್ಳೇನಾ ಚೇಸಿಂದಿ?"

ನಮ್ಮವರೇನಾ ಮಾಡಿದ್ದು? ಅವರು ಕೇಳಿದ್ದು ತಪ್ಪಲ್ಲ. ಲೇಬಲ್ಲೇ ಹಾಗೆ ಹೇಳುತ್ತಿತ್ತಲ್ಲ. ಈ ಊರಲ್ಲಿ ನಮ್ಮವರು ಅಂದರೆ ಏನೆಂದು ಗೊತ್ತಿದ್ದೂ ಆ ಪದ ಆರಿಸಿದ್ದು ನಾನು. ಕನ್ನಡದಲ್ಲಿ ಯೋಚಿಸಿ ಬರೆದೆ, ಅವರು ತೆಲುಗಿನಲ್ಲಿ ಓದಿಕೊಂಡರು.

"ಆ, ಮನೋಳ್ಳೇಮ್ಮಾ" ಎಂದಳು ಎದುರು ಮನೆಯವಳು. ಅವಳ ಬಾಯಿಂದ ಅದು ಸಲೀಸಾಗಿ ಬಂತು. ನನಗೂ ಏನೂ ಅನಿಸಲಿಲ್ಲ, ನನ್ನನ್ನೂ ಸೇರಿಸಿಯೇ ಹೇಳಿದಳು ಎಂದುಕೊಂಡೆ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ತಮ್ಮ. "ಹಾಂ, ಬೋಲ್ ರೇ" ಎಂದೆ. ಎರಡೇ ಮಾತು. ಆ ಹೆಂಗಸು ನನ್ನ ಕಡೆ ತಿರುಗಿ, ಹಣೆ ನೋಡಿ, ಕೈಯಲ್ಲಿದ್ದ ಸೀಸೆಯನ್ನು ಮೇಜಿನ ಮೇಲೆ ಇಟ್ಟರು. ಜೋರಾಗಿ ಕುಕ್ಕಲಿಲ್ಲ, ಬೈಯಲಿಲ್ಲ. ನಿದ್ದೆ ಹೋದ ಮಗುವನ್ನು ಮಲಗಿಸಿದಷ್ಟು ಮೆತ್ತಗೆ ಇಟ್ಟು, "ಆಮೇಲೆ ಬರ್ತೀನಿ" ಎಂದು ಹೋದರು.

ಮೂವರೂ ಸ್ವಲ್ಪ ಹೊತ್ತು ಸೀಸೆಗಳನ್ನು ಸಾಲಾಗಿ ಜೋಡಿಸುವುದರಲ್ಲಿ ಮಗ್ನರಾದೆವು. ಆಮೇಲೆ ಅಧ್ಯಕ್ಷರು ನನ್ನ ಮೊಣಕೈ ಹಿಡಿದು, "ಟೀಚರ್, ಬಿಸ್ಲು ಜಾಸ್ತಿ ಆಯ್ತು. ಬೆಳಗ್ಗೆಯಿಂದ ನಿಂತಿದೀರ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ, ನಾವು ನೋಡ್ಕೋತೀವಿ" ಎಂದರು. ನನಗೆ ಸುಸ್ತಾಗಿರಲಿಲ್ಲ. ಸ್ಕೂಲಿನಲ್ಲಿ ಇಡೀ ದಿನ ನಿಂತು ಪಾಠ ಮಾಡಿದ ಕಾಲುಗಳು ಇವು. ಎದುರು ಮನೆಯವಳ ಮುಖ ನೋಡಿದೆ. ಅವಳು ಚಿಲ್ಲರೆ ಹುಡುಕುತ್ತಿದ್ದಳು. ಆಟೋ ಹತ್ತಿ ಬಂದೆ.

ಮುಂದಿನ ಮಾವಿನ ಕಾಲ ಬಂತು. ಎಂದಿನಂತೆ ಕತ್ತಿಯನ್ನು ಸಾಣೆ ಹಿಡಿಸಿ, ಚಾಪೆಗಳನ್ನು ಒಗೆದು ಒಣಹಾಕಿ ಕಾದೆ. ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಇಲ್ಲ. ಗುಲಾಬಿ ಹೂವು, ಸೂರ್ಯೋದಯ, ಕಾಫಿ ಕಪ್ಪು. ಮಳೆ ತಡವಾಗಿದೆ, ಕಾಯಿ ಬಲಿತಿಲ್ಲವೇನೋ ಎಂದುಕೊಂಡೆ. ಒಂದು ಬೆಳಿಗ್ಗೆ ತಮ್ಮನ ಫೋನು ಬಂತು.

"ಆಪಾ, ಕೈರಿಯಾಂ ಕಾಂ ಉತಾರ್ನಾ?" ಎಂದ. ಅಕ್ಕಾ, ಕಾಯಿ ಎಲ್ಲಿ ಇಳಿಸಲಿ ಎಂದು. "ನಿಮ್ ಸಂಘದವ್ರು ಆರ್ಡರ್ ಕೊಟ್ಟವ್ರೆ. ಪ್ರತಿ ಸಲ ನಿನ್ ಮನೆ ಹತ್ರ ಅಲ್ವಾ? ಈ ಸಲ ಅಧ್ಯಕ್ಷರ ಮನೆ ಅಡ್ರೆಸ್ ಕಳಿಸವ್ರೆ. ನೀನೇ ಹೇಳಿದ್ಯಾ?"

ಯಾವ ಸಂಘ, ಯಾವ ಆರ್ಡರ್ ಎಂದು ಅವನನ್ನೇ ಕೇಳಬೇಕಾಯಿತು. ಆಗ ಗೊತ್ತಾಯಿತು. ನನ್ನನ್ನು ಯಾರೂ ಗ್ರೂಪಿನಿಂದ ತೆಗೆದಿರಲಿಲ್ಲ. ಅವರೇ ಎಲ್ಲರೂ ಎದ್ದು ಬೇರೆ ಗ್ರೂಪಿಗೆ ಹೋಗಿದ್ದರು. ಹಳೆಯ ಗ್ರೂಪನ್ನು, ಅದರ ಗುಲಾಬಿ ಹೂಗಳ ಸಮೇತ, ನನಗೆ ಬಿಟ್ಟುಕೊಟ್ಟಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಂಥ ಬುದ್ಧಿ ಅಂತೀರಿ! ಆಚೆ ಹೋಗು ಎಂದು ಹೇಳಿದ್ದರೆ ನಾನು ಕೇಳಬಹುದಿತ್ತು, ಯಾಕೆ ಎಂದು. ಯಾರೂ ಏನೂ ಹೇಳದೆ ಇದ್ದಾಗ ಯಾರನ್ನು ಏನೆಂದು ಕೇಳುವುದು?

ತಮ್ಮನಿಗೆ ಅರ್ಥವಾಗಿಹೋಯಿತು. ಅವನು ವ್ಯಾಪಾರದವನು, ಅರ್ಧ ಮಾತಿನಲ್ಲಿ ಎಲ್ಲ ಹಿಡಿಯುತ್ತಾನೆ. "ನೀನ್ ಬೇಡ ಅಂದ್ರೆ ಒಂದು ಕಾಯೂ ಕಳಿಸಲ್ಲ ಆಪಾ. ಹೇಳಿಬಿಡು" ಎಂದ. ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಕಾಯಿ ನಿಲ್ಲಿಸಿದರೆ ಅವರಿಗೆ ಒಂದು ಕಾರಣ ಸಿಗುತ್ತದೆ: ಟೀಚರೇ ಮುನಿಸಿಕೊಂಡು ಬಿಟ್ಟುಹೋದರು ಎಂದು ಊರಿಗೆಲ್ಲ ಹೇಳಬಹುದು. ಆ ಅನುಕೂಲ ನಾನೇಕೆ ಮಾಡಿಕೊಡಲಿ? "ಕಳಿಸು" ಎಂದೆ. ಕಾಯಿ ಹೋಯಿತು. ಕತ್ತರಿಸಲು ಅವರು ಶ್ರೀನಿವಾಸಪುರದ ಮಂಡಿಯಿಂದ ಕೂಲಿಗೆ ಒಬ್ಬನನ್ನು ಕರೆಸಿಕೊಂಡರಂತೆ. ಅವನೂ ಸಾಬರವನೇ, ರಾಯಲ್ಪಾಡಿನ ನಮ್ಮ ಓಣಿಯ ಹುಡುಗ, ತಮ್ಮನ ಹತ್ತಿರ ಬೆಳೆದವನು. ದಿನಗೂಲಿಯವನ ಕೈ ಯಾರದು ಎಂದು ಯಾರೂ ಕೇಳುವುದಿಲ್ಲ, ಪಕ್ಕ ಕೂರುವವಳ ಕೈ ಆದರೆ ಮಾತ್ರ ಕೇಳುತ್ತಾರೆ.

ಕಾಯಿ ಬಂದಿಳಿಯುವ ಮೊದಲೇ ಎದುರು ಮನೆಯವಳು ನಮ್ಮ ಮನೆಗೆ ಬಂದಳು. ತಮ್ಮ ಯಾರಿಗೋ ಏನೋ ಅಂದಿರಬೇಕು, ಸುದ್ದಿ ತಲುಪಿತ್ತು. ಯಾವತ್ತೂ ಅಡುಗೆಮನೆವರೆಗೆ ನಡೆದುಬರುವವಳು ಅವತ್ತು ಹಾಲಿನ ಸೋಫಾದ ತುದಿಯಲ್ಲಿ ಕೂತಳು. ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಹೇಳಿದಳು:

"ಮೇಮಂತಾ ಅನುಕುನ್ನಾಮು ಅಕ್ಕಾ..."

ಆ ಮಾತಿನ ಉಳಿದರ್ಧ ನನ್ನ ಕಿವಿಗೆ ಬೀಳಲೇ ಇಲ್ಲ. ನಾವೆಲ್ಲ ಅಂದುಕೊಂಡೆವು ಅಕ್ಕಾ. ಕನ್ನಡದಲ್ಲಿ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಕನ್ನಡದಲ್ಲಿ ಇರುವುದು ಒಂದೇ ನಾವು. ಎದುರಿಗೆ ನಿಂತವಳನ್ನು ಸೇರಿಸಿಕೊಂಡಿತೋ, ಹೊರಗೆ ನಿಲ್ಲಿಸಿತೋ ಆ ಪದ ಬಾಯಿ ಬಿಡುವುದಿಲ್ಲ. ತೆಲುಗು ಅಷ್ಟು ಜಾಣ ಭಾಷೆಯಲ್ಲ, ಹೇಳಿಬಿಡುತ್ತದೆ. ಮನಂ ಎಂದರೆ ನೀನೂ ಸೇರಿ ನಾವು. ಮೇಮು ಎಂದರೆ ನಿನ್ನನ್ನು ಬಿಟ್ಟು ನಾವು. ನಮ್ಮ ದಖನಿಯೂ ಹಾಗೆಯೇ, ಅಪನ್ ಬೇರೆ, ಹಮೆ ಬೇರೆ. ಆಡುವವರು ಆ ಗಳಿಗೆಯಲ್ಲೇ ತೀರ್ಮಾನ ಮಾಡಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಇಷ್ಟು ವರ್ಷ ಅವಳು ಗೇಟಿನಲ್ಲಿ ನಿಂತು ಕೂಗುತ್ತಿದ್ದದ್ದು "ಮನಂ ಈಸಾರಿ ಎಪ್ಪುಡು ಪೆಡದಾಮಕ್ಕಾ?" ಎಂದು. ನಾವು ಈ ಸಲ ಯಾವಾಗ ಹಾಕೋಣ ಅಕ್ಕಾ. ಈಗ ಮೇಮು. ಅವಳಿಗೆ ತಾನು ಏನಂದೆ ಎಂದು ಗೊತ್ತೂ ಇರಲಿಲ್ಲ. ತಾಯ್ನುಡಿ ಆಡುವಾಗ ಯಾರು ವ್ಯಾಕರಣ ನೋಡುತ್ತಾರೆ? ನೋಡುವ ರೋಗ ನನಗೆ.

"ನಿಮ್ಮ ಮೇಲೆ ಯಾರಿಗೂ ಏನೂ ಇಲ್ಲ ಅಕ್ಕಾ, ದೇವರಾಣೆ" ಎಂದಳು. "ಗಿರಾಕಿಗಳು ಕೇಳ್ತಾರೆ. ಮಡಿ ಮನೆಯವ್ರು, ವ್ರತ ಮಾಡೋವ್ರು ತಗೋತಾರೆ. ಸರ್ಕಾರದ್ದೇನಲ್ವಲ್ಲ, ನಾಲ್ಕು ಮನೆಯವ್ರು ಸೇರಿ ಮಾಡ್ಕೊಂಡಿರೋದು. ಯಾರನ್ನ ಸೇರಿಸ್ಕೋಬೇಕು ಅನ್ನೋದು ಅವರವರ ಇಷ್ಟ ಅಂತಾರೆ ಅಧ್ಯಕ್ಷರು."

"ನೀನೇನಂತೀಯೆ?" ಎಂದೆ.

"ನಾನೊಬ್ಳು ಏನ್ ಮಾಡ್ಲಿ ಅಕ್ಕಾ?" ಎಂದು ತಲೆ ತಗ್ಗಿಸಿದಳು. ಆಮೇಲೆ, ಅದನ್ನು ಯಾರು ಹೇಳಿಕೊಟ್ಟು ಕಳಿಸಿದ್ದರೋ, "ನಿಮ್ಮವ್ರ ಕಮಿಟೀಲಿ ಬೇರೆಯವ್ರನ್ನ ಬಿಡ್ತಾರಾ? ನಿಮ್ಮನ್ನೇ ಬಿಡ್ತಾರಾ, ಹೆಂಗಸು ಅಂತ?" ಎಂದಳು.

ಸರಿಯಾದ ಜಾಗಕ್ಕೇ ಹೊಡೆದಿದ್ದಳು. ಮುಳಬಾಗಿಲಿನಲ್ಲಿ ನಮ್ಮವರದ್ದೊಂದು ಕಮಿಟಿ ಇದೆ. ನನ್ನ ಚಂದಾ ಪ್ರತಿ ವರ್ಷ ಮರೆಯದೆ ಕೇಳುತ್ತಾರೆ, ಸಭೆಗೆ ಮಾತ್ರ ಮರೆಯದೆ ಕರೆಯುವುದಿಲ್ಲ. ನನ್ನ ಕಣ್ಣೆದುರೇ ಗಡ್ಡ ಮೂಡಿದ ಹುಡುಗರು, ನನ್ನ ಹತ್ತಿರವೇ ಸಂಧಿ, ಸಮಾಸ ಕಲಿತವರು, ಅಲ್ಲಿ ಕುರ್ಚಿಯ ಮೇಲೆ ಕೂತು ತೀರ್ಮಾನ ಮಾಡುತ್ತಾರೆ. ನಾನು ಈ ಮಾತನ್ನು ಅವಳ ಮುಂದೆಯೇ ಎಷ್ಟೋ ಸಲ ಆಡಿ ಹಲ್ಲು ಕಡಿದಿದ್ದೆ. ನನ್ನ ಅಡುಗೆಮನೆಯಲ್ಲಿ ನಾನು ಚೆಲ್ಲಿದ್ದನ್ನು ಎತ್ತಿಕೊಂಡು ಹೋಗಿ ಈಗ ನನ್ನ ಮೇಲೇ ಎರಚಿದ್ದಳು.

ಅವಳು ಹೋದ ಮೇಲೆ ಬಹಳ ಯೋಚಿಸಿದೆ. ಕೋಪದಲ್ಲೂ ಯೋಚಿಸಿದೆ, ಕೋಪ ಇಳಿದ ಮೇಲೂ. ಯಾರ ಜೊತೆ ಕೂತು ಉಣ್ಣಬೇಕು ಎಂದು ಆರಿಸಿಕೊಳ್ಳುವ ಹಕ್ಕು ಮನುಷ್ಯನಿಗೆ ಇಲ್ಲವೆಂದು ನಾನು ಹೇಳಲಾರೆ. ನನ್ನ ಮನೆಗೆ ಯಾರು ಬರಬೇಕು ಎಂದು ನಾನೇ ಹೇಳುತ್ತೇನೆ. ಕಾನೂನು ತಂದು ಯಾರನ್ನೂ ಯಾರ ಚಾಪೆಯ ಮೇಲೂ ಕೂರಿಸಲು ಆಗುವುದಿಲ್ಲ, ಕೂರಿಸಿದರೂ ಆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಇದೆಲ್ಲ ಒಪ್ಪಿದೆ. ಆದರೆ ಇವರು ಬಾಗಿಲಲ್ಲಿ ಬಂದವಳನ್ನು ಬೇಡ ಅಂದವರಲ್ಲ. ನನ್ನ ಚಾಪೆಯ ಮೇಲೆ ಕೂತು, ನನ್ನ ತವರಿನ ಕಾಯಿ, ನನ್ನ ಬಾಯಿಂದ ಬಂದ ಹೆಸರು ಎಲ್ಲ ತೆಗೆದುಕೊಂಡು, ಚಾಪೆ ಸುತ್ತಿಕೊಂಡು ಬೇರೆ ಮನೆಗೆ ಹೋದವರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅದನ್ನು ಹಕ್ಕು ಅನ್ನುತ್ತಾರೆ. ಹಕ್ಕಾದರೆ ಬೋರ್ಡು ಬರೆದು ಹಾಕಲಿ, ಇಂಥವರಿಗೆ ಪ್ರವೇಶವಿಲ್ಲ ಎಂದು, ಬೇಕಾದರೆ ಕಾಗುಣಿತ ನಾನೇ ತಿದ್ದಿಕೊಡುತ್ತೇನೆ. ಅದು ಮಾತ್ರ ಆಗುವುದಿಲ್ಲ ಅವರಿಗೆ. ಹೊರಗೆ ಹಾಕುವ ಸ್ವಾತಂತ್ರ್ಯವೂ ಬೇಕು, ಒಳ್ಳೆಯವರು ಎಂಬ ಹೆಸರೂ ಬೇಕು.

ಯಜಮಾನರು, "ಉಪ್ಪಿನಕಾಯಿಗೆ ಯಾಕಿಷ್ಟು ತಲೆ ಕೆಡಿಸ್ಕೋತೀಯ, ಬಿಡು" ಎಂದರು. ಉಪ್ಪಿನಕಾಯಿಗಾ?

ಹಾಕುವ ದಿನ ಗೊತ್ತಾಗದೆ ಇರುವುದು ಸಾಧ್ಯವಿರಲಿಲ್ಲ. ಅಧ್ಯಕ್ಷರ ಮನೆ ನಮ್ಮದರಿಂದ ಕೂಗಳತೆ. ಸಾಸಿವೆ ಪುಡಿಯ ಘಾಟು, ಹಸಿ ಎಳ್ಳೆಣ್ಣೆಯ ವಾಸನೆ ಬೀದಿಯಲ್ಲಿ ಹರಡಿತ್ತು. ಕಿಟಕಿ ಮುಚ್ಚಿದೆ, ಸೆಖೆಗೆ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಒಟ್ಟಿಗೆ ನಕ್ಕ ಸದ್ದು ಬಂತು. ಆ ನಗು ಯಾವುದೆಂದು ನನಗೆ ಗೊತ್ತು, ಖಾರಕ್ಕೆ ಕೆಮ್ಮುತ್ತಾ ನಗುವ ನಗು. ಅನ್ನದ ಉಂಡೆ ಸುತ್ತುತ್ತಿತ್ತು. ಆರು ದಶಕ ದಾಟಿದ ಹೆಂಗಸು ನಾನು, ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತು ಅತ್ತೆ. ಯಜಮಾನರು ಬಂದು ನೋಡಿ ವಾಪಸು ಹೋದರು, ಅದೊಂದು ಪುಣ್ಯ.

ಆಮೇಲೆ ಎದುರು ಮನೆಯವಳೂ ನಾನೂ ಬೀದಿಯಲ್ಲಿ ಸಿಕ್ಕರೆ ಮಾತಾಡುತ್ತಿದ್ದೆವು. ನೀರು ಬಂತಾ, ಗ್ಯಾಸ್ ಬಂತಾ, ಮಗಳಿಗೆ ಹುಷಾರಾ. ಅಡುಗೆಮನೆಗೆ ಅವಳು ಬರಲಿಲ್ಲ, ನಾನೂ ಬಾ ಎನ್ನಲಿಲ್ಲ. ಹೀಗೆ ತಿಂಗಳುಗಳು ಹೋದವು. ಒಂದು ಸಂಜೆ ಅವಳೂ ಅಧ್ಯಕ್ಷರೂ ಇಬ್ಬರೂ ಕೂಡಿ ನಮ್ಮ ಗೇಟು ತೆಗೆದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹಣ್ಣು, ಹೂವು. ಸಂಘದ ವಾರ್ಷಿಕೋತ್ಸವ, ನಾನೇ ಮುಖ್ಯ ಅತಿಥಿ.

"ನೀವಿಲ್ದೆ ಸಂಘ ಎಲ್ಲಿತ್ತು ಟೀಚರ್?" ಎಂದರು ಅಧ್ಯಕ್ಷರು, ಕೈ ಮುಗಿದು. "ಬರ್ಲೇಬೇಕು ಅಕ್ಕಾ, ನನ್ನಾಣೆ" ಎಂದಳು ಅವಳು. ಅವಳ ಕಣ್ಣು ತುಂಬಿತ್ತು, ಅದು ನಟನೆಯಲ್ಲ. ನನಗೆ ಗೊತ್ತಾಗುತ್ತದೆ.

ಹೋಗಬಾರದಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆದರೆ ನನಗೆ ಒಂದು ಆಸೆ ಹುಟ್ಟಿತು. ಬಿಟ್ಟುಹಾಕಿದ್ದು ನಾಚಿಕೆಯಾಗಿ, ಮತ್ತೆ ಕರೆಯಲು ಇದೊಂದು ನೆಪ ಹುಡುಕಿದ್ದಾರೆ ಎಂದುಕೊಂಡೆ. ಅತಿಥಿ ಅಂದರೆ ಮನೆಯವಳಲ್ಲ ಎಂದೇ ಅರ್ಥ, ಎಷ್ಟು ವರ್ಷ ಈ ಪದದ ಅರ್ಥ ಬರೆಸಿಲ್ಲ ನಾನು! ಆದರೂ ಆಸೆಗೆ ನಿಘಂಟು ಬೇಡ. ಮಗನ ಮದುವೆಗೆ ಉಟ್ಟ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟೆ.

ಸಣ್ಣ ಸಭಾಂಗಣ, ತುಂಬ ಹೆಂಗಸರು. ನನ್ನನ್ನು ವೇದಿಕೆಯ ಮೇಲೆ, ಯಾವುದೋ ಇಲಾಖೆಯ ಅಧಿಕಾರಿಯ ಪಕ್ಕ ಕೂರಿಸಿದರು. ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಅಧ್ಯಕ್ಷರು ಮೈಕಿನಲ್ಲಿ, "ನಮ್ಮ ಸಂಘದಲ್ಲಿ ಯಾವ ಭೇದಭಾವವೂ ಇಲ್ಲ ಅನ್ನೋದಕ್ಕೆ ನಮ್ಮ ಟೀಚರ್ ಅವರೇ ಸಾಕ್ಷಿ" ಎಂದರು. ಅಧಿಕಾರಿ ತಲೆಯಾಡಿಸಿದರು. ಫೋಟೋ ತೆಗೆದರು. ಮತ್ತೆ ಇನ್ನೊಂದು ತೆಗೆದರು, ನನ್ನ ತಲೆಯ ಮೇಲಿನ ಸೆರಗು ಸರಿಯಾಗಿ ಬೀಳುವ ಹಾಗೆ. ನಾನು ನಕ್ಕೆ. ಇನ್ನೂ ಕಾಯುತ್ತಿದ್ದೆ, ಈಗ ಹೇಳುತ್ತಾರೆ, ಬರುವ ವರ್ಷ ಮತ್ತೆ ಟೀಚರ್ ಮನೆಯಲ್ಲೇ ಎಂದು ಈಗ ಹೇಳುತ್ತಾರೆ ಎಂದು. ವಂದನಾರ್ಪಣೆಯೂ ಮುಗಿಯಿತು.

ಊಟಕ್ಕೆ ಎಲೆ ಹಾಕಿದರು. ಅನ್ನ, ಹುಳಿ, ಹಪ್ಪಳ, ಎಲೆಯ ತುದಿಗೆ ಕೆಂಪಗೆ ಆವಕಾಯಿ. ಬಡಾವಣೆಯ ಹಳೆಯ ಗೆಳತಿಯರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು. ನಾನೂ ಹೋಗಿ ಖಾಲಿ ಎಲೆಯ ಮುಂದೆ ಕೂರಲು ಬಗ್ಗಿದೆ. ಅಷ್ಟರಲ್ಲಿ ಎದುರು ಮನೆಯವಳು ಓಡುವ ಹಾಗೆ ಬಂದು ನನ್ನ ಕೈ ಹಿಡಿದಳು. "ಇಲ್ಲಿ ಬೇಡ ಅಕ್ಕಾ, ಬನ್ನಿ" ಎಂದು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಬಾಟ್ಲಿ ನೀರು, ಹೋಟೆಲಿನ ಬಿಸಿ ಪಾರ್ಸೆಲ್ಲು.

"ಮಟನ್ ಬಿರಿಯಾನಿ" ಎಂದಳು. ಅವಳ ಮುಖ ಹಬ್ಬದ ಹಾಗೆ ಅರಳಿತ್ತು. "ಇಲ್ಲಿ ಬರೀ ಹುಳಿ ಅನ್ನ, ನಿಮಗೆ ಸೇರುತ್ತೋ ಇಲ್ವೋ ಅಂತ ನಾನೇ ಹೇಳಿ ತರಿಸ್ದೆ. ನಿಮ್ಮವ್ರ ಹೋಟ್ಲಿಂದಾನೇ. ಹಲಾಲಾ ಅಂತ ಕೇಳಿ ತರಿಸಿ ಅಂತ ಹೇಳಿದ್ದೆ."

ಕೆಲವು ವರ್ಷಗಳ ಹಿಂದೆ ನನ್ನ ಕಾಲಿನ ಹೆಬ್ಬೆರಳು ಊದಿ, ನೆಲಕ್ಕೆ ಪಾದ ಊರಲಾರದೆ ಹೋದಾಗ, ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದವಳು ಅವಳು. ಯೂರಿಕ್ ಆಸಿಡ್, ಇನ್ನು ಮಾಂಸ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದಾಗ, ನನಗಿಂತ ಮೊದಲು ಆಗಲಿ ಎಂದವಳು ಅವಳು. ಅದಾದ ಮೇಲಿನ ಬಕ್ರೀದಿಗೆ ನಮ್ಮ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ನನ್ನ ತಟ್ಟೆ ಕಾವಲು ಕಾದು, "ಒಂದ್ ತುಂಡೂ ಇಲ್ಲ, ಸಾರೂ ಇಲ್ಲ" ಎಂದು ಗದರಿಸಿ, ತನ್ನ ಮನೆಯಿಂದ ಹುಳಿ ಅನ್ನ ತಂದು ಬಡಿಸಿದವಳೂ ಅವಳೇ. ಅಂದಿನಿಂದ ನಾನು ಮಾಂಸ ಮುಟ್ಟಿಲ್ಲ. ಬಡಾವಣೆಯಲ್ಲಿ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ.

ಅವಳ ಮುಖವನ್ನು ಚೆನ್ನಾಗಿ ನೋಡಿದೆ. ಅಣಕವಿರಲಿಲ್ಲ, ಅಳುಕೂ ಇರಲಿಲ್ಲ. ಬೇಕೆಂದು ಮಾಡಿದ್ದರೆ ಅಲ್ಲೇ ಜಗಳವಾಡುತ್ತಿದ್ದೆ, ಜಗಳವಾಡಿದ ಮೇಲೆ ರಾಜಿಯಾದರೂ ಆಗಬಹುದಿತ್ತು.

ಅವಳು ಮರೆತಿದ್ದಳು.